ಕಾಳಗ ನಿಂತ ಮೇಲೆ ಓದಿದ ಯುದ್ಧಶಾಸ್ತ್ರ



ಸಮುರಾಯ್ ಎಂದೊಡನೆ ನಮಗೆ ಕತ್ತಿ ನೆನಪಾಗುತ್ತದೆ. ಈ ಪ್ರದರ್ಶನದಲ್ಲಿ ಕತ್ತಿಗಳಿಲ್ಲ. ಇರುವುದೆಲ್ಲ ಜಪಾನಿನಲ್ಲಿ ಅಚ್ಚಾದ ಚೀನೀ ಯುದ್ಧಗ್ರಂಥಗಳ ಛಾಯಾಚಿತ್ರಗಳು. ನನಗಂತೂ ಇದೇ ಹಿಡಿಸಿತು.

ಪ್ರಾಚೀನ ಚೀನಾದ ಯುದ್ಧಶಾಸ್ತ್ರಕಾರ ಸುನ್ ತ್ಸು ಜಪಾನಿಗೆ ತೀರ ಹಳಬ. ಎಂಟನೇ ಶತಮಾನದಲ್ಲೇ, ಚೀನಾದಲ್ಲಿ ಓದಿ ಬಂದ ಕಿಬಿ ನೊ ಮಕಿಬಿ ಅವನ ಗ್ರಂಥದ ಪಾಠ ಹೇಳಿದ್ದರು. ಆದರೆ ಬಹುಕಾಲ ಅದು ಕೆಲವೇ ಜನರ ಕೈಯಲ್ಲಿದ್ದ ಹಸ್ತಪ್ರತಿ. ಹಲವರಿಗೆ ದಾರಿ ತೆರೆದದ್ದು ಅಚ್ಚು. ಮುಂದೆ ಜಪಾನನ್ನು ಆಳಿದ ಸೇನಾಧಿಪತಿ ತೊಕುಗಾವಾ ಇಯೆಯಾಸು 1599ರಲ್ಲಿ ಕ್ಯೋತೊ ಬಳಿಯ ಫುಶಿಮಿಯಲ್ಲಿ ಮರದ ಅಚ್ಚುಮೊಳೆಗಳಿಂದ ಪುಸ್ತಕ ಮಾಡಿಸಲು ತೊಡಗಿದ. ಮರುವರ್ಷವೇ ಅವನಿಗೆ ಅಧಿಕಾರ ತಂದುಕೊಟ್ಟ ಸೆಕಿಗಹರಾ ಕದನ. ಅಚ್ಚಿನ ಕೆಲಸ ಮಾತ್ರ ಮುಂದುವರಿಯಿತು. ಸುನ್ ತ್ಸುವಿನದೂ ಸೇರಿ ಚೀನಾದ ಏಳು ಯುದ್ಧಶಾಸ್ತ್ರಗಳು 1606ರಲ್ಲಿ ಅಲ್ಲಿ ಅಚ್ಚಾದವು. ಆ ಮೊಳೆಗಳಲ್ಲಿ 50 ಸಾವಿರಕ್ಕೂ ಹೆಚ್ಚು ಇಂದಿಗೂ ಕ್ಯೋತೊದ ಎಂಕೋಜಿ ದೇವಾಲಯದಲ್ಲಿವೆ.

1615ರಲ್ಲಿ ಇಯೆಯಾಸುವಿನ ಎದುರಾಳಿಗಳ ಒಸಾಕಾ ಕೋಟೆ ಬಿದ್ದು, ದೊಡ್ಡ ಕಾಳಗಗಳ ಕಾಲ ಬಹುಮಟ್ಟಿಗೆ ಮುಗಿಯಿತು. ಸೋಜಿಗವೆಂದರೆ, ಯುದ್ಧಗ್ರಂಥಗಳ ಸುಗ್ಗಿ ಶುರುವಾದದ್ದು ಆಮೇಲೆ! ಸುನ್ ತ್ಸುವಿಗೆ ವ್ಯಾಖ್ಯಾನ ಬರೆದ ಯಮಗಾ ಸೊಕೊ ಹುಟ್ಟಿದ್ದು 1622ರಲ್ಲಿ, ಒಗ್ಯೂ ಸೊರೈ 1666ರಲ್ಲಿ. ರಣರಂಗ ಕಾಣದೆ ಸಂಬಳ ಎಣಿಸುತ್ತಿದ್ದ ಸಮುರಾಯ್‌ಗಳಿಗೆ ತಾವು ಯಾರೆಂದು ಹೇಳಿಕೊಳ್ಳಲು ಈ ಓದು ಬೇಕಾಯಿತು. ಇಂದು ಮ್ಯಾನೇಜರುಗಳು ಸುನ್ ತ್ಸುವನ್ನು ಕೊಂಡು ಓದುವುದನ್ನು ಕಂಡು ನಗುವವರು ಇದನ್ನೊಮ್ಮೆ ನೆನೆಯಲಿ.

ಪುಟಗಳನ್ನು ಹತ್ತಿರದಿಂದ ನೋಡಿ. ಚೀನೀ ಅಕ್ಷರಗಳ ಸಾಲಿನ ಪಕ್ಕದಲ್ಲಿ ಇರುವೆಯಷ್ಟು ಗುರುತುಗಳಿವೆ. ಯಾವ ಪದವನ್ನು ಮೊದಲು, ಯಾವುದನ್ನು ಆಮೇಲೆ ಓದಬೇಕೆಂದು ಅವು ತೋರಿಸುತ್ತವೆ. ಸಂಸ್ಕೃತ ಶ್ಲೋಕಕ್ಕೆ ನಮ್ಮ ಮೇಷ್ಟ್ರು ಅನ್ವಯ ಹೇಳಿಕೊಟ್ಟ ಹಾಗೆಯೇ. ಚೀನೀ ಮಾತು ಬಾರದವರೂ ಇದರಿಂದ ಆ ಗ್ರಂಥಗಳನ್ನು ತಮ್ಮ ನುಡಿಯಲ್ಲೇ ಓದಿಕೊಳ್ಳುತ್ತಿದ್ದರು.

ಇನ್ನೊಂದು ಸ್ವಾರಸ್ಯ. ಚೀನಾದ ಮಿಂಗ್ ರಾಜವಂಶದ ಸೇನಾನಿ ಚೀ ಜಿಗುವಾಂಗ್‌ಗೆ 1561ರಲ್ಲಿ ಜಪಾನೀ ಕತ್ತಿವರಸೆಯ ಒಂದು ಕೈಪಿಡಿ ಯುದ್ಧಭೂಮಿಯಲ್ಲಿ ಸಿಕ್ಕಿತು. ಚೀನೀ ಲೇಖಕ ಮಾವೊ ಯುವಾನ್ಯಿ 1621ರಲ್ಲಿ ತನ್ನ ‘ವು ಬೈ ಝಿ’ ಎಂಬ 240 ಭಾಗಗಳ ಮಹಾಗ್ರಂಥದಲ್ಲಿ ಅದನ್ನೂ ಸೇರಿಸಿದ. ಆ ಗ್ರಂಥ 1664ರಲ್ಲಿ ಜಪಾನಿನಲ್ಲಿ ಅಚ್ಚಾದಾಗ, ಜಪಾನೀಯರು ತಮ್ಮದೇ ವರಸೆಯನ್ನು ಚೀನೀ ಪುಸ್ತಕದಲ್ಲಿ ಓದಿದರು.

ಪ್ರದರ್ಶನ ತೆರೆದಿದೆ. ಮೊಬೈಲಿನಲ್ಲಿ ಫೋಟೊ ತೆಗೆದು ಹೊರಟುಬಿಡಬೇಡಿ. ಒಂದು ಪುಟದ ಮುಂದಾದರೂ ಸ್ವಲ್ಪ ಹೊತ್ತು ನಿಲ್ಲಿ, ಮಕ್ಕಳಿಗೂ ತೋರಿಸಿ.