ತೊಗಟೆಯನ್ನೂ ಓದೋಣ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)

ದಿನದ ದುಡಿಮೆ ಮುಗಿಸಿ ಬಂದಿದ್ದೀರಿ. ಮೆಣಸಿನಕಾಯಿ ಬಿಡಿಸಿ ಬಂದವರು ಇದ್ದೀರಿ. ಜೋಳ ಕಿತ್ತು ಬಂದವರು ಇದ್ದೀರಿ. ಕೈ ಉರಿಯುತ್ತಿರಬಹುದು. ಅದಕ್ಕೇ ಇವತ್ತು ಬರೆಯುವುದು ಬೇಡ. ಪಾಟಿ ಬದಿಗಿಡಿ. ಇವತ್ತು ಗಿಡದ ಮಾತು ಆಡೋಣ.

ಪುಸ್ತಕದಲ್ಲಿ ‘ಮರ’ ಅಂತ ಬರೆದಿರುತ್ತದೆ. ನಮ್ಮ ಕಡೆ ಎಷ್ಟು ದೊಡ್ಡದಿದ್ದರೂ ಅದು ಗಿಡವೇ. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ನಾನೂ ಗಿಡ ಅಂತಲೇ ಹೇಳುತ್ತೇನೆ.

ಒಂದು ಪ್ರಶ್ನೆ. ಶಿವರಾತ್ರಿ ಹೊತ್ತಿಗೆ ಬಹಳ ಗಿಡಗಳು ಎಲೆ ಉದುರಿಸುತ್ತವೆ. ಯಾದಗಿರಿ ಕೋಟೆಯ ಗುಡ್ಡ ನೋಡಿ. ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡಿ. ಸುರಪುರದ ಗುಡ್ಡ ನೋಡಿ. ಎಷ್ಟೋ ಗಿಡಗಳಲ್ಲಿ ಬರೀ ಬೋಳು ಕೊಂಬೆ. ಎಲೆ ಇಲ್ಲ, ಹೂವಿಲ್ಲ, ಕಾಯಿಲ್ಲ. ಆಗ ಇದು ಇಂಥ ಗಿಡ ಅಂತ ಹ್ಯಾಂಗ ಹೇಳ್ತೀರಿ?

ಹೋದ ವಾರ ಹೀಗೆ ಕೇಳಿದಾಗ ಒಬ್ಬ ಅಜ್ಜಿ ನಕ್ಕುಬಿಟ್ಟರು. “ಇದೇನ್ ಕೇಳ್ತೀರಿ ಅಕ್ಕೋರ? ಬೊಡ್ಡಿ ನೋಡಿದ್ರ ತಿಳಿತದ. ಮಂದಿ ಮಾರಿ ನೋಡಿ ಗುರ್ತ ಹಿಡಿಯಂಗಿಲ್ಲೇನು?” ಎಂದರು.

ಅಜ್ಜಿಯ ಮಾತು ಖರೆ. ತೊಗಟೆಯೇ ಗಿಡದ ಮಾರಿ. ಆದರೆ ಆ ಮಾರಿಯನ್ನು ಸರಿಯಾಗಿ ನೋಡದೆ ನಾನೇ ಒಮ್ಮೆ ತಪ್ಪು ಮಾಡಿದೆ. ಅದನ್ನು ಮೊದಲು ಹೇಳುತ್ತೇನೆ.

ನಾನು ಬರೆದ ಬೋರ್ಡು

ನಾನು ಕಲಿಸುವ ಶಾಲೆಯ ಅಂಗಳದಲ್ಲಿ ನಾಲ್ಕು ಗಿಡಗಳು ಸಾಲಾಗಿ ಇದ್ದವು. ಕಂಬದ ಹಾಗೆ ನೆಟ್ಟಗಿದ್ದವು. ಎಲೆ ಉದ್ದ. ಎಲೆಯ ಅಂಚು ಅಲೆ ಅಲೆಯಾಗಿ ಇರುತ್ತದೆ. ಎಲೆಗಳು ಕೆಳಗೆ ಜೋತು ಬಿದ್ದಿರುತ್ತವೆ. ಇಂಥ ಗಿಡ ನೀವೂ ನೋಡಿದ್ದೀರಿ. ಶಾಲೆ, ಕಚೇರಿ, ಗುಡಿ ಎಲ್ಲಾ ಕಡೆ ಇರುತ್ತವೆ. ಎಲ್ಲರೂ ಅದಕ್ಕೆ ಅಶೋಕ ಗಿಡ ಅನ್ನುತ್ತಾರೆ. ಮಕ್ಕಳಿಗೆ ಹೆಸರು ಗೊತ್ತಾಗಲಿ ಅಂತ ನಾನು ತಗಡಿನ ಮೇಲೆ ಬಣ್ಣದಿಂದ ‘ಅಶೋಕ’ ಎಂದು ಬರೆದು ಗಿಡಕ್ಕೆ ಕಟ್ಟಿದೆ.

ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ. ನಾಲ್ಕು ತಿಂಗಳಲ್ಲಿ ಅಕ್ಷರ ಕೂಡಿಸಿ ಓದುವುದು ಕಲಿತರು. ಒಂದು ಸಂಜೆ ಆ ಬೋರ್ಡಿನ ಮುಂದೆ ನಿಂತು, “ಅ... ಶೋ... ಕ. ಅಶೋಕ!” ಎಂದು ಓದಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಬಹಳ ಸಂತೋಷ ಆಯಿತು.

ಆ ಅಕ್ಕನಿಗೆ ಮುಟ್ಟಿನಲ್ಲಿ ರಕ್ತ ಬಹಳ ಹೋಗುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಅಶೋಕದ ತೊಗಟೆಯ ಕಷಾಯ ಹೆಣ್ಣುಮಕ್ಕಳಿಗೆ ಒಳ್ಳೆಯದು ಅಂತ ಎಲ್ಲೋ ಕೇಳಿದ್ದರು. ಬೋರ್ಡು ಓದಿದ ಮೇಲೆ ಧೈರ್ಯ ಬಂತು. ಕುಡಗೋಲಿನಿಂದ ತೊಗಟೆ ಕೆತ್ತಿ ಒಯ್ದರು. ಕುದಿಸಿ ಕುಡಿದರು. ಗೆಳತಿಯರಿಗೂ ಹೇಳಿದರು. ಅವರೂ ಬಂದು ಕೆತ್ತಿದರು.

ರಕ್ತ ಹೋಗುವುದು ನಿಲ್ಲಲಿಲ್ಲ. ಒಂದು ದಿನ ಕೇಂದ್ರದಲ್ಲೇ ತಲೆ ತಿರುಗಿ ಕುಸಿದರು. ಅವರ ನಾದಿನಿ ಮತ್ತು ನಾನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೈಯಲ್ಲಿ ರಕ್ತ ಬಹಳ ಕಡಿಮೆ ಆಗಿತ್ತು. ಗರ್ಭಕೋಶದಲ್ಲಿ ಗಂಟು ಇತ್ತು. ಏನು ಔಷಧಿ ತಗೊಂಡ್ರಿ ಅಂತ ಡಾಕ್ಟರಮ್ಮ ಕೇಳಿದರು. ಅಕ್ಕ ಸೆರಗಿನ ಗಂಟು ಬಿಚ್ಚಿ ತೊಗಟೆಯ ಚೂರು ತೋರಿಸಿದರು. “ಬೋರ್ಡ್ ಓದೇ ತಗೊಂಡೀನ್ರಿ” ಎಂದರು.

ನನಗೆ ತಲೆ ಎತ್ತಲು ಆಗಲಿಲ್ಲ. ಆ ಬೋರ್ಡು ಬರೆದವಳು ನಾನು.

ಅಶೋಕ ಎರಡು

ಔಷಧಿಗೆ ಬಳಸುವ ಅಶೋಕವೇ ಬೇರೆ. ಅದು ಮಳೆ ಹೆಚ್ಚು ಬೀಳುವ ಪಶ್ಚಿಮ ಘಟ್ಟದಂಥ ಕಾಡಿನ ಗಿಡ. ಕಂಬದ ಹಾಗೆ ಬೆಳೆಯುವುದಿಲ್ಲ. ಕೊಂಬೆ ಹರಡಿ ಬೆಳೆಯುತ್ತದೆ. ಅದರ ಹೂವು ಕೇಸರಿ, ಕೆಂಪು. ಗೊಂಚಲು ಗೊಂಚಲಾಗಿ ಬಿಡುತ್ತದೆ. ಶಾಲೆಯ ಗಿಡದ ಹೂವು ತಿಳಿಹಸಿರು. ಅದು ಅಲಂಕಾರಕ್ಕೆ ಬೆಳೆಸುವ ಗಿಡ. ಹೆಸರು ಒಂದೇ, ಗಿಡ ಎರಡು.

ಮೋಸ ಹೋದವರು ನಾವಷ್ಟೇ ಅಲ್ಲ. ಅಂಗಡಿಗೆ ಬರುವ ಅಶೋಕದ ತೊಗಟೆಯನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿದ್ದಾರೆ. ಅದರಲ್ಲಿ ಈ ಅಲಂಕಾರದ ಗಿಡದ ತೊಗಟೆ ಬೆರೆಸಿದ್ದು ಕಂಡುಬಂದಿದೆ. ಒಣಗಿಸಿ ಚೂರು ಮಾಡಿದ ಮೇಲೆ ಗುರುತು ಹಿಡಿಯುವುದು ಕಷ್ಟ. ತೊಗಟೆಗಾಗಿ ಕಡಿದೂ ಕಡಿದೂ ನಿಜವಾದ ಅಶೋಕ ಈಗ ಅಪಾಯದಲ್ಲಿರುವ ಗಿಡಗಳ ಪಟ್ಟಿ ಸೇರಿದೆ.

ಹಿಂದೆ ಇದಕ್ಕಿಂತ ಕೆಟ್ಟದ್ದೂ ನಡೆದಿದೆ. ಕಾಸರಕ ಎಂಬ ವಿಷದ ಗಿಡ ಇದೆ. 19ನೇ ಶತಮಾನದಲ್ಲಿ ಕಲ್ಕತ್ತಾ ಪೇಟೆಯಲ್ಲಿ ಅದರ ತೊಗಟೆಯನ್ನು ಜ್ವರದ ಔಷಧಿಯ ಬೇರೊಂದು ತೊಗಟೆ ಎಂದು ಮಾರಿದ್ದುಂಟು.

ತೊಗಟೆಯಲ್ಲಿ ಔಷಧಿಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಿಂಕೋನಾ ಗಿಡದ ತೊಗಟೆಯಿಂದ 1820ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಕ್ವಿನೈನ್ ತೆಗೆದರು. ಅದು ಮಲೇರಿಯಾ ಜ್ವರದ ಔಷಧಿ. ನಾವು ಮಸಾಲೆಗೆ ಹಾಕುವ ದಾಲ್ಚಿನ್ನಿ ಕೂಡ ಗಿಡದ ತೊಗಟೆಯೇ. ಆದರೆ ಗಿಡ ಯಾವುದು ಅಂತ ಖಾತ್ರಿ ಇರಬೇಕು.

ತೊಗಟೆ ಯಾಕೆ ಬಿರಿಯುತ್ತದೆ?

ಬೆಳೆಯುವ ಮಗುವಿಗೆ ಹೋದ ವರ್ಷದ ಅಂಗಿ ಹಾಕಿದರೆ ಏನಾಗುತ್ತದೆ? ಹೊಲಿಗೆ ಬಿಚ್ಚುತ್ತದೆ. ಗಿಡವೂ ಹಾಗೆ. ಒಳಗೆ ಬೊಡ್ಡೆ ದಪ್ಪ ಆಗುತ್ತಾ ಹೋಗುತ್ತದೆ. ಹೊರಗಿನ ಹಳೆಯ ತೊಗಟೆ ಸತ್ತಿರುತ್ತದೆ. ಅದು ಹಿಗ್ಗುವುದಿಲ್ಲ. ಅದಕ್ಕೇ ಬಿರಿಯುತ್ತದೆ. ಒಂದೊಂದು ಜಾತಿಯ ಗಿಡ ಒಂದೊಂದು ರೀತಿ ಬಿರಿಯುತ್ತದೆ. ಅದೇ ನಮಗೆ ಗುರುತು.

ಐದು ಗುರುತು

ಮೊದಲನೆಯದು ಬಣ್ಣ. ನಮ್ಮ ಹಿರಿಯರು ತೊಗಟೆ ನೋಡಿಯೇ ಹೆಸರು ಇಟ್ಟಿದ್ದಾರೆ. ಕರಿಜಾಲಿಯ ತೊಗಟೆ ಕಪ್ಪು. ಬಿಳಿಜಾಲಿಯ ತೊಗಟೆ ಬಿಳಿ-ಹಳದಿ.

ಎರಡನೆಯದು ಬಿರುಕು. ಕರಿಜಾಲಿಯ ಬಿರುಕು ಆಳ, ಉದ್ದ. ನೇಗಿಲ ಸಾಲು ಇದ್ದಂತೆ. ಬೇವಿನ ಬಿರುಕು ಉದ್ದಕ್ಕೂ ಇರುತ್ತದೆ, ಓರೆಯಾಗಿಯೂ ಇರುತ್ತದೆ. ಹುಣಸೆ ಉದ್ದಕ್ಕೂ ಅಡ್ಡಕ್ಕೂ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರಿದ ಹಾಗೆ ಕಾಣುತ್ತದೆ.

ಮೂರನೆಯದು ಸುಲಿಯುವ ರೀತಿ. ಪ್ಯಾರಲ ಗಿಡದ ತೊಗಟೆ ತೆಳು ಚಕ್ಕೆಯಾಗಿ ಏಳುತ್ತದೆ. ಕೆಳಗೆ ನುಣುಪು ಮೈ ಕಾಣುತ್ತದೆ. ನೀಲಗಿರಿಯ ತೊಗಟೆ ಉದ್ದ ಪಟ್ಟಿಯಾಗಿ ಸುಲಿದು ಜೋತಾಡುತ್ತದೆ.

ನಾಲ್ಕನೆಯದು ಗಾಯದಿಂದ ಬರುವ ರಸ. ಆಲ, ಅರಳಿ, ಅತ್ತಿ ಮೂರರಲ್ಲೂ ಹಾಲು ಬರುತ್ತದೆ. ಮುತ್ತಲ ಗಿಡಕ್ಕೆ ಗಾಯವಾದರೆ ಕೆಂಪು ರಸ ಬರುತ್ತದೆ. ಅದು ಒಣಗಿ ಗಟ್ಟಿ ಅಂಟಾಗುತ್ತದೆ. ಇದನ್ನು ನೋಡಲು ಗಿಡಕ್ಕೆ ಕೊಡಲಿ ಹಾಕಬೇಡಿ. ಹಳೆಯ ಗಾಯ ಎಲ್ಲಿಯಾದರೂ ಇದ್ದೇ ಇರುತ್ತದೆ.

ಐದನೆಯದು ಕೈಗೆ ತಿಳಿಯುವುದು. ಹುಲಗಲಿ ಗಿಡವನ್ನು ಪುಸ್ತಕದಲ್ಲಿ ಹೊಂಗೆ ಅಂತಾರೆ. ಅದರ ಮೈ ನುಣುಪು, ನಡುವೆ ಸಣ್ಣ ಸಣ್ಣ ಗುಳ್ಳೆ. ನುಗ್ಗೆಯ ತೊಗಟೆ ದಪ್ಪ, ಮೆತ್ತಗೆ. ಎಳೆಯ ಬೂರುಗದ ಬೊಡ್ಡೆಯ ಮೇಲೆ ಮುಳ್ಳೇ ಮುಳ್ಳು.

ತೊಗಟೆ ಒಂದೇ ಸಾಲದು

ಇಲ್ಲಿ ಸ್ವಲ್ಪ ಗಮನ ಕೊಡಿ. ಎಳೆಯ ಗಿಡದ ತೊಗಟೆ ಬೇರೆ, ಮುದಿ ಗಿಡದ ತೊಗಟೆ ಬೇರೆ. ಬಿಳಿಜಾಲಿ ಮುದಿಯಾದರೆ ಅದರ ತೊಗಟೆಯೂ ಒರಟಾಗಿ ಕಪ್ಪಾಗುತ್ತದೆ.

ದಸರೆಯಲ್ಲಿ ನಾವು ಬನ್ನಿ ಕೊಟ್ಟು ಬಂಗಾರ ಅಂತೀವಿ. ಆ ಬನ್ನಿ ಗಿಡದ ತೊಗಟೆ ಒರಟು. ಹಳೆಯ ಬಳ್ಳಾರಿ ಜಾಲಿಯ ತೊಗಟೆಯೂ ಒರಟು. ಬರೀ ಬೊಡ್ಡೆ ನೋಡಿದರೆ ಮೋಸ ಹೋಗುತ್ತೇವೆ. ಆಗ ಮುಳ್ಳು ನೋಡಬೇಕು. ಬಳ್ಳಾರಿ ಜಾಲಿಯಲ್ಲಿ ಎಲೆ ಹುಟ್ಟುವ ಜಾಗದಲ್ಲಿ ಜೋಡಿ ಮುಳ್ಳು ಇರುತ್ತವೆ. ಬನ್ನಿಯ ಮುಳ್ಳು ಗಿಡ್ಡ. ಕೊಂಬೆಯ ಮೇಲೆ ಅಲ್ಲಲ್ಲಿ ಚದುರಿರುತ್ತವೆ. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಬನ್ನಿ ನಮ್ಮದೇ ನೆಲದ್ದು.

ಹೀಗೆ ಒಂದು ಗುರುತು ಸಿಕ್ಕರೆ ಎರಡನೆಯದು ಹುಡುಕಬೇಕು. ತೊಗಟೆ ಆದ ಮೇಲೆ ಮುಳ್ಳು, ಎಲೆ, ಹೂವು, ಕಾಯಿ. ಒಲೆಗೆ ಹಾಕುವ ಸೌದೆಯಾದರೆ ತಪ್ಪಿದರೂ ನಡೆಯುತ್ತದೆ. ಹೊಟ್ಟೆಗೆ ಹೋಗುವುದಾದರೆ ನಡೆಯುವುದಿಲ್ಲ.

ಉಂಗುರದಂತೆ ಕೆತ್ತಬೇಡಿ

ಒಣ ತೊಗಟೆಯ ಕೆಳಗೆ ಹಸಿ ತೊಗಟೆ ಇರುತ್ತದೆ. ಎಲೆ ಅಡಿಗೆ ಮಾಡುತ್ತದೆ. ಆ ಅಡಿಗೆ ಹಸಿ ತೊಗಟೆಯ ದಾರಿಯಲ್ಲೇ ಬೇರಿಗೆ ಇಳಿಯುತ್ತದೆ. ಬೊಡ್ಡೆಯ ಸುತ್ತ ಉಂಗುರದಂತೆ ತೊಗಟೆ ತೆಗೆದರೆ ದಾರಿ ಮುಚ್ಚಿತು. ಬೇರು ಉಪವಾಸ ಬೀಳುತ್ತದೆ. ಮೇಲೆ ಕೆಲವು ದಿನ ಹಸಿರು ಕಾಣುತ್ತದೆ. ಆಮೇಲೆ ಗಿಡ ಒಣಗುತ್ತದೆ.

ನಮ್ಮ ಶಾಲೆಯ ಗಿಡಕ್ಕೆ ಆದದ್ದು ಇದೇ. ಒಬ್ಬರು ಒಂದು ಕಡೆ ಕೆತ್ತಿದರು, ಇನ್ನೊಬ್ಬರು ಇನ್ನೊಂದು ಕಡೆ ಕೆತ್ತಿದರು. ಕೊನೆಗೆ ಸುತ್ತಲೂ ತೊಗಟೆ ಹೋಯಿತು. ಮುಂದಿನ ಬೇಸಿಗೆ ಹೊತ್ತಿಗೆ ಗಿಡ ಒಣಗಿ ನಿಂತಿತು. ನಾಲ್ಕಿದ್ದದ್ದು ಮೂರಾದವು.

ಆ ಅಕ್ಕ ಈಗ ಹ್ಯಾಂಗ ಇದ್ದಾರ?

ಚೆನ್ನಾಗಿದ್ದಾರೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಆಯಿತು. ಕಬ್ಬಿಣದ ಗುಳಿಗೆ ಕೊಟ್ಟರು. ಈಗ ಹೊಲದ ಕೆಲಸಕ್ಕೂ ಹೋಗುತ್ತಾರೆ, ಕೇಂದ್ರಕ್ಕೂ ಬರುತ್ತಾರೆ. “ಮೊದಲೇ ಹೇಳಿದ್ರ ಇಷ್ಟು ನರಳತಿರಲಿಲ್ಲ” ಅಂತ ಅವರೇ ಎಲ್ಲರಿಗೂ ಹೇಳುತ್ತಾರೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋದರೆ ನಾಚಿಕೆ ಬೇಡ. ಆಶಾ ಕಾರ್ಯಕರ್ತೆಗೆ ಹೇಳಿ. ಆಸ್ಪತ್ರೆಗೆ ಹೋಗಿ.

ನಾನು ಬೋರ್ಡನ್ನು ತಿದ್ದಿ ಬರೆದೆ. ಬಣ್ಣದ ಡಬ್ಬಿ ಹಿಡಿದು ನಿಂತವರು ಆ ಅಕ್ಕನೇ. ಈಗ ಅದರಲ್ಲಿ ಹೀಗಿದೆ: ‘ಅಲಂಕಾರದ ಅಶೋಕ. ಔಷಧಿಯ ಅಶೋಕ ಅಲ್ಲ.’ ಆ ಬೋರ್ಡನ್ನು ಗಿಡಕ್ಕೆ ಮೊಳೆ ಹೊಡೆದು ಹಾಕಿಲ್ಲ. ದಾರದಿಂದ ಸಡಿಲವಾಗಿ ಕಟ್ಟಿದ್ದೇವೆ.

ಅಕ್ಕಂದಿರೆ, ನಿಮಗೆ ಗೊತ್ತಿರುವಷ್ಟು ಗಿಡ ನನಗೆ ಗೊತ್ತಿಲ್ಲ. ನಾನು ತರಬೇತಿ ಶಾಲೆಯಲ್ಲಿ ಕಲಿತದ್ದು ಪುಸ್ತಕದ ಗಿಡ. ನೀವು ಸೌದೆಗೆ, ಮೇವಿಗೆ, ಹಣ್ಣಿಗೆ ಸುತ್ತಿ ಕಲಿತದ್ದು ಬೇರೆ. ಅದು ಇಲ್ಲಿಯವರೆಗೆ ಬಾಯಲ್ಲೇ ಇತ್ತು. ಈಗ ನಿಮಗೆ ಬರೆಯಲು ಬರುತ್ತದೆ. ಬರೆದಿಡಿ. ಮೊಮ್ಮಕ್ಕಳು ಓದುತ್ತಾರೆ. ನಾನು ತಪ್ಪು ಬರೆದರೆ ನೀವೇ ತಿದ್ದುತ್ತೀರಿ.

ಮಾಡಿ ನೋಡಿ

1. ನಿಮ್ಮ ಮನೆಯ ಹತ್ತಿರದ ಒಂದು ಗಿಡ ಆರಿಸಿ. ಅದರ ಹೆಸರು ಬರೆಯಿರಿ.

2. ತೊಗಟೆಯ ಬಣ್ಣ ಯಾವುದು? ಬಿರುಕು ಉದ್ದವೋ, ಅಡ್ಡವೋ? ಮುಟ್ಟಿದರೆ ಒರಟೋ, ನುಣುಪೋ?

3. ತೊಗಟೆಯ ಮೇಲೆ ಹಾಳೆ ಇಡಿ. ಪೆನ್ಸಿಲನ್ನು ಓರೆ ಹಿಡಿದು ಮೆಲ್ಲಗೆ ತಿಕ್ಕಿ. ತೊಗಟೆಯ ಚಿತ್ರ ಮೂಡುತ್ತದೆ. ಕೆಳಗೆ ಗಿಡದ ಹೆಸರು ಬರೆದು ಕೇಂದ್ರಕ್ಕೆ ತನ್ನಿ.

4. ನಿಮ್ಮ ಊರಿನಲ್ಲಿ ಒಂದೇ ಹೆಸರಿನ ಎರಡು ಗಿಡ ಇವೆಯೇ? ಹಿರಿಯರನ್ನು ಕೇಳಿ ಬರೆಯಿರಿ.