ಹಳೆಯ ಸಿಎನ್‌ಸಿ ಯಂತ್ರಗಳ ಸರ್ವೋ ಮೋಟರ್: ದುರಸ್ತಿಯೋ, ಬದಲಾವಣೆಯೋ?

(ಅಗಡಿಯಲ್ಲಿ ನಡೆದ ವಾರ್ಷಿಕೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ವೇದಿಕೆ ಮೇಲೆ ನಿಂತು ಮಾತನಾಡುವುದು ನನ್ನ ಕಸುಬಲ್ಲ. ಯಂತ್ರದ ಕೆಳಗೆ ಮಲಗಿ ಕೆಲಸ ಮಾಡುವವನು ನಾನು. ನಿಮ್ಮ ಕೆಲಸದ ಬಗ್ಗೆಯೇ ಮಕ್ಕಳಿಗೆ ಹೇಳಿ ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದ್ದರಿಂದ ಬಂದಿದ್ದೇನೆ.

ನಮ್ಮ ಚಾಚಾ ಹಾವೇರಿಯಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುತ್ತಿದ್ದರು. ಬೇಸಿಗೆ ಬಂತೆಂದರೆ ಸುತ್ತಲಿನ ರೈತರೆಲ್ಲ ಸುಟ್ಟ ಮೋಟರು ಹೊತ್ತುಕೊಂಡು ಅಂಗಡಿಗೆ ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಹಳೆ ತಂತಿ ಕೀಳುತ್ತಿದ್ದೆ. ಚಾಚಾ ದಿನಾ ಹೇಳುತ್ತಿದ್ದ ಮಾತು ಒಂದೇ: "ಬಿಚ್ಚೂಕಿಂತ ಮೊದಲ ಬರಕೋ." ಎಷ್ಟು ಸುತ್ತು, ತಂತಿಯ ಗೇಜ್ ಎಷ್ಟು, ಯಾವ ತುದಿ ಯಾವುದಕ್ಕೆ ಸೇರಿದೆ, ಎಲ್ಲವನ್ನೂ ಬರೆದುಕೊಂಡ ಮೇಲೆಯೇ ಕೈ ಹಚ್ಚಬೇಕು. ನನ್ನ ಇಂದಿನ ಕೆಲಸದ ಅರ್ಧ ವಿದ್ಯೆ ಆ ಒಂದು ಮಾತಿನಲ್ಲೇ ಇದೆ.

ಪಂಪ್‌ಸೆಟ್ ಮೋಟರಿಗೂ ಸರ್ವೋ ಮೋಟರಿಗೂ ಏನು ವ್ಯತ್ಯಾಸ? ಪಂಪಿನ ಮೋಟರಿಗೆ ತಿರುಗುವುದಷ್ಟೇ ಗೊತ್ತು. ಸರ್ವೋ ಮೋಟರು ಹೇಳಿದಷ್ಟೇ ತಿರುಗಿ, ಹೇಳಿದಲ್ಲಿಯೇ ನಿಲ್ಲುತ್ತದೆ. ಅದರ ಹಿಂಬದಿಯಲ್ಲಿ ಎನ್‌ಕೋಡರ್ ಎಂಬ ಸಾಧನವಿರುತ್ತದೆ. ಶಾಫ್ಟ್ ಎಲ್ಲಿದೆ ಎಂಬುದನ್ನು ಅದು ಕ್ಷಣಕ್ಷಣಕ್ಕೂ ಕಂಟ್ರೋಲರಿಗೆ ತಿಳಿಸುತ್ತಿರುತ್ತದೆ. ಬಾಲ್ ಸ್ಕ್ರೂ ಒಂದು ಸುತ್ತಿಗೆ 10 ಮಿಲಿಮೀಟರ್ ಸರಿಯುತ್ತದೆ ಎಂದಿಟ್ಟುಕೊಳ್ಳಿ. ಮೋಟರು ನೇರವಾಗಿ ಅದಕ್ಕೆ ಜೋಡಿಸಿದ್ದರೆ, ಟೂಲು 0.01 ಮಿಲಿಮೀಟರ್ ಸರಿಯಲು ಮೋಟರು ಒಂದು ಸುತ್ತಿನ ಸಾವಿರದಲ್ಲಿ ಒಂದು ಭಾಗ ಮಾತ್ರ ತಿರುಗಬೇಕು. ಗಣಿತದ ಮೇಷ್ಟ್ರು ಹೇಳಿಕೊಡುವ ಲೆಕ್ಕ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವವರಿಗೆ ಇದೇ ಉತ್ತರ.

ನಮ್ಮ ಭಾಗಕ್ಕೆ ಯಂತ್ರಗಳು ಹೊಸದಲ್ಲ. ರಾಣೆಬೆನ್ನೂರಿನಾಚೆ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ತುಂಬ ಹೋದವು. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಬಂತು. ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕಗಳಾದವು. ಎಚ್‌ಎಂಟಿಯ ಹಳೆಯ ವೈಭವವೂ ಉಳಿದಿಲ್ಲ. ಆದರೆ ಹುಬ್ಬಳ್ಳಿ, ಬೆಳಗಾವಿ, ಹರಿಹರ, ಶಿವಮೊಗ್ಗಗಳ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ಹಳೆಯ ಸಿಎನ್‌ಸಿ ಯಂತ್ರಗಳು ಇಂದಿಗೂ ದುಡಿಯುತ್ತಿವೆ. ಎಷ್ಟೋ ಜನ ಅವನ್ನು ಸೆಕೆಂಡ್ ಹ್ಯಾಂಡ್ ಕೊಂಡವರು, ಸಾಲ ಮಾಡಿ ಕೊಂಡವರು. ಅಂಥವರ ಯಂತ್ರ ನಿಂತರೆ ಮನೆಯ ಒಲೆಯೇ ನಿಂತಂತೆ. ಆದ್ದರಿಂದ ದುರಸ್ತಿ ಮಾಡುವವನ ಕೈಯಲ್ಲಿ ಇರುವುದು ಬರೀ ಮೋಟರಲ್ಲ ಎಂಬುದನ್ನು ಮರೆಯಬಾರದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಅನೇಕ ವರ್ಷಗಳ ಹಿಂದಿನ ಮಾತು. ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಳೆಯ ಜಪಾನಿ ಸಿಎನ್‌ಸಿ ಲೇತ್ ಆಗಾಗ ಅಲಾರಂ ಕೊಟ್ಟು ನಿಲ್ಲುತ್ತಿತ್ತು. ನಾನು ಹೋದೆ, ಮೋಟರಿನ ಹಿಂಬದಿಯ ಮುಚ್ಚಳ ತೆಗೆದೆ, ಕೂಲೆಂಟಿನ ಕಲೆ ಕಂಡಿತು. "ಮೋಟರು ಹೋಗಿದೆ, ಬೇರೆ ತರಿಸಿ" ಎಂದುಬಿಟ್ಟೆ. ಯಂತ್ರ ನಡೆಸುವ ಹುಡುಗ ಪಕ್ಕದಲ್ಲೇ ನಿಂತು, "ಅಣ್ಣಾರ, ಯಾವಾಗ್ಲೂ ಚಕ್ ಹತ್ರ ಹೋದಾಗನ ನಿಲ್ತೈತ್ರಿ" ಎಂದ. ಹದಿನೆಂಟು ವರ್ಷದ ಹುಡುಗನ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾಲೀಕರು ಕೈಸಾಲ ಮಾಡಿ ಬೆಂಗಳೂರಿನಿಂದ ಹಳೆಯ ಮೋಟರೊಂದನ್ನು ತರಿಸಿದರು. ಜೋಡಿಸಿದೆ. ಎರಡು ತಾಸು ಓಡಿತು, ಮತ್ತೆ ಅದೇ ಅಲಾರಂ, ಅದೇ ಜಾಗದಲ್ಲಿ. ಆಗ ಹುಡುಗನ ಮಾತು ನೆನಪಾಯಿತು. ಎನ್‌ಕೋಡರಿನ ಕೇಬಲ್ ಬಾಗುವ ಕಡೆ ಒಳಗಿನ ಒಂದು ತಂತಿ ತುಂಡಾಗಿತ್ತು. ಟೂಲು ಚಕ್ಕಿನ ಹತ್ತಿರ ಹೋದಾಗ ಕೇಬಲ್ ಬಾಗಿ ಸಂಪರ್ಕ ತಪ್ಪುತ್ತಿತ್ತು, ಹಿಂದೆ ಬಂದಾಗ ಕೂಡುತ್ತಿತ್ತು. ಮೊದಲಿನ ಮೋಟರಿಗೆ ಏನೂ ಆಗಿರಲಿಲ್ಲ.

ಮಾಲೀಕರು ಬೈಯಲಿಲ್ಲ. "ತಮ್ಮಾ, ನೀ ನೋಡಿ ಹೇಳಿದ್ದಿ ಅಂತ ತರಿಸಿದೆ" ಎಂದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು. ಕೂಲಿ ತೆಗೆದುಕೊಳ್ಳಲಿಲ್ಲ. ಆ ಮೋಟರನ್ನು ನಾನೇ ತಿಂಗಳ ಕಂತಿನಲ್ಲಿ ಅವರಿಂದ ಕೊಂಡೆ.

ಅಂದಿನಿಂದ ನಾನು ಪಾಲಿಸುವ ಕ್ರಮವನ್ನು ಹೇಳುತ್ತೇನೆ. ಈ ಕೆಲಸಕ್ಕೆ ಬರುವ ಮಕ್ಕಳು ನೆನಪಿಡಿ.

ಮೊದಲು ಯಂತ್ರ ನಡೆಸುವವನನ್ನು ಕೇಳಬೇಕು: ಯಾವಾಗ ನಿಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ, ಬಿಸಿಯಾದ ಮೇಲೋ, ಮೊದಲಿಗೋ? ಅಲಾರಂ ನಂಬರು ಬರೆದುಕೊಳ್ಳಬೇಕು. ಕಂಟ್ರೋಲಿನ ಪ್ಯಾರಾಮೀಟರುಗಳ ಪ್ರತಿ ಇಟ್ಟುಕೊಳ್ಳಬೇಕು. ಹಳೆಯ ಯಂತ್ರಗಳಲ್ಲಿ ಅವು ಬ್ಯಾಟರಿಯ ಬಲದ ಮೇಲೆ ಉಳಿದಿರುತ್ತವೆ. ಕರೆಂಟು ತೆಗೆದು ಬ್ಯಾಟರಿ ಬದಲಿಸಿದರೆ ಎಲ್ಲ ಅಳಿಸಿಹೋಗಬಹುದು. ಆದ್ದರಿಂದ ಕಂಟ್ರೋಲ್ ಚಾಲೂ ಇರುವಾಗಲೇ ಬ್ಯಾಟರಿ ಬದಲಿಸುವ ಪದ್ಧತಿ ಇದೆ.

ಎರಡನೆಯದು ಜೀವದ ಮಾತು. ಡ್ರೈವಿನ ಕೆಪಾಸಿಟರುಗಳಲ್ಲಿ ಸ್ವಿಚ್ ಆರಿಸಿದ ಮೇಲೂ ಕರೆಂಟು ಉಳಿದಿರುತ್ತದೆ. ಕಾದು, ಮೀಟರಿನಿಂದ ಅಳೆದು, ಆಮೇಲೆ ಕೈ ಹಾಕಬೇಕು. ಮೇಲೆ ಕೆಳಗೆ ಚಲಿಸುವ ಆಕ್ಸಿಸ್‌ನ ಮೋಟರು ಬಿಚ್ಚುವ ಮೊದಲು ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಡಬೇಕು. ಆ ಭಾರವನ್ನು ಹಿಡಿದಿರುವುದು ಮೋಟರಿನೊಳಗಿನ ಬ್ರೇಕು. ಮೋಟರು ಕಳಚಿದೊಡನೆ ಹೆಡ್ ಕೆಳಗೆ ಬೀಳುತ್ತದೆ.

ಮೂರನೆಯದು, ದೋಷ ಮೋಟರಿನದೇ ಹೌದೋ ಅಲ್ಲವೋ ಎಂದು ತಿಳಿಯುವುದು. ಓವರ್‌ಲೋಡ್ ಅಲಾರಂ ಬಂದರೆ ಮೋಟರನ್ನು ಸ್ಕ್ರೂವಿನಿಂದ ಬೇರೆ ಮಾಡಿ ಓಡಿಸಿ ನೋಡಿ. ಸಲೀಸಾಗಿ ಓಡಿದರೆ ದೋಷ ಹೆಚ್ಚಾಗಿ ಸ್ಲೈಡಿನಲ್ಲೋ ಸ್ಕ್ರೂವಿನಲ್ಲೋ ಇರುತ್ತದೆ. ಎಣ್ಣೆಯ ಸಣ್ಣ ನಳಿಗೆ ಕಟ್ಟಿಕೊಂಡು ಸ್ಲೈಡ್ ಒಣಗಿದ್ದಕ್ಕೆ ಮೋಟರಿಗೆ ಅಪವಾದ ಬಂದದ್ದನ್ನು ಬಹಳ ಸಲ ಕಂಡಿದ್ದೇನೆ. ಆಮೇಲೆ ಕೇಬಲನ್ನು ಬಾಗಿಸಿ, ಅಲುಗಿಸಿ ಅಳೆಯಬೇಕು. ಮೂರು ಫೇಸುಗಳ ನಡುವಿನ ರೆಸಿಸ್ಟೆನ್ಸ್ ಸಮನಾಗಿರಬೇಕು. ಡ್ರೈವಿನಿಂದ ಬಿಡಿಸಿದ ಮೇಲೆ 500 ವೋಲ್ಟಿನ ಮೆಗ್ಗರ್ ಹಚ್ಚಬೇಕು. ಸುತ್ತಿಗೂ ಬಾಡಿಗೂ ನಡುವೆ 100 ಮೆಗಾಓಮ್‌ಗಿಂತ ಹೆಚ್ಚು ಬಂದರೆ ಚೆನ್ನಾಗಿದೆ. ಹತ್ತಕ್ಕಿಂತ ಕಡಿಮೆಯಾದರೆ ಇನ್ಸುಲೇಶನ್ ಬಹಳ ಕೆಟ್ಟಿದೆ. ಒಂದಕ್ಕಿಂತ ಕಡಿಮೆಯಾದರೆ ಅದನ್ನು ಡ್ರೈವಿಗೆ ಜೋಡಿಸಲೇಬಾರದು, ಡ್ರೈವೂ ಸುಡುತ್ತದೆ. ಎನ್‌ಕೋಡರಿನ ತಂತಿಗಳಿಗೆ ಮಾತ್ರ ಎಂದಿಗೂ ಮೆಗ್ಗರ್ ಮುಟ್ಟಿಸಬೇಡಿ.

ಇನ್ನು ದುರಸ್ತಿಯೋ, ಬದಲಾವಣೆಯೋ? ಬೇರಿಂಗ್, ಆಯಿಲ್ ಸೀಲ್, ಕನೆಕ್ಟರ್, ಬ್ರೇಕ್, ಹಳೆಯ ಡಿಸಿ ಸರ್ವೋಗಳ ಕಾರ್ಬನ್ ಬ್ರಷ್, ಇವು ದುರಸ್ತಿಯ ಕೆಲಸ. ವೈಂಡಿಂಗ್ ಸುಟ್ಟಿದ್ದರೆ ನುರಿತ ಕೈ ಮತ್ತೆ ಸುತ್ತಬಲ್ಲದು. ಆದರೆ ಮೊದಲಿದ್ದ ದರ್ಜೆಯ ತಂತಿ, ಇನ್ಸುಲೇಶನ್ ಬೇಕು. ರೋಟರಿನ ಮ್ಯಾಗ್ನೆಟ್ ಒಡೆದಿದ್ದರೆ ಅಥವಾ ಬಲ ಕಳೆದುಕೊಂಡಿದ್ದರೆ ಬದಲಿಸುವುದೇ ಲೇಸು. ಎನ್‌ಕೋಡರ್ ತೆಗೆಯುವಾಗ ಅದರ ಸ್ಥಾನಕ್ಕೆ ಗುರುತು ಹಾಕದಿದ್ದರೆ ಕೆಲಸ ಕೆಡುತ್ತದೆ. ಮ್ಯಾಗ್ನೆಟ್ಟಿಗೂ ಎನ್‌ಕೋಡರಿಗೂ ಇರುವ ಕೋನ ತಪ್ಪಿದರೆ ಮೋಟರು ಕರೆಂಟು ಎಳೆಯುತ್ತದೆ, ಬಲ ಕೊಡುವುದಿಲ್ಲ, ಕೆಲವೊಮ್ಮೆ ಹುಚ್ಚೆದ್ದು ಓಡುತ್ತದೆ. ಚಾಚಾನ ಮಾತು ಇಲ್ಲಿಯೂ ಅದೇ: ಬಿಚ್ಚುವ ಮೊದಲು ಬರೆದುಕೊಳ್ಳಿ.

ಬೇರೆ ಮೋಟರು ತರುವುದಾದರೆ ಟಾರ್ಕು, ಶಾಫ್ಟಿನ ಅಳತೆ, ಫ್ಲ್ಯಾಂಜು, ಬ್ರೇಕು, ಎನ್‌ಕೋಡರಿನ ಜಾತಿ ಎಲ್ಲವೂ ಹೊಂದಬೇಕು. ಹೊಸ ಮಾದರಿಯ ಮೋಟರಿನ ಭಾಷೆ ಹಳೆಯ ಡ್ರೈವಿಗೆ ತಿಳಿಯದಿರಬಹುದು. ಆಗ ಡ್ರೈವು, ಒಮ್ಮೊಮ್ಮೆ ಕಂಟ್ರೋಲರೂ ಬದಲಾಗಬೇಕು. ಜೋಡಿಸಿದ ಮೇಲೆ ರೆಫರೆನ್ಸ್ ಸ್ಥಾನವನ್ನು ಮತ್ತೆ ಹೊಂದಿಸಿ, ಜಾಬ್ ಇಲ್ಲದೆ ನಿಧಾನ ಓಡಿಸಿ, ಒಂದು ತುಂಡು ಕೊರೆದು ಅಳೆದ ಮೇಲೆಯೇ ಯಂತ್ರ ಒಪ್ಪಿಸಬೇಕು. ಈ ಎಲ್ಲ ದಾರಿಗಳ ಖರ್ಚನ್ನೂ ಮಾಲೀಕರ ಮುಂದೆ ಬಿಚ್ಚಿಡಬೇಕು. ನಮಗೆ ಯಾವುದರಲ್ಲಿ ಲಾಭ ಹೆಚ್ಚು ಎಂದು ನೋಡಿ ಸಲಹೆ ಕೊಡುವುದು ಮೋಸ.

ಹಿರಿಯರಲ್ಲಿ ಒಂದು ವಿನಂತಿ. ಗ್ಯಾರೇಜು, ವೆಲ್ಡಿಂಗು, ವೈಂಡಿಂಗು ಮಾಡುವ ಕೈಗಳು ನಮ್ಮ ಮನೆಗಳಲ್ಲಿ ಬಹಳ ಇವೆ. ಆ ಕೈಗೆ ಓದು ಸೇರಿಸಿ. ಎಸ್ಸೆಸ್ಸೆಲ್ಸಿ ಆದೊಡನೆ ಹುಡುಗನನ್ನು ಕೂಲಿಗೆ ಕಳಿಸಬೇಡಿ. ಐಟಿಐ ಇದೆ, ಹುಬ್ಬಳ್ಳಿಯಲ್ಲಿ ಸರ್ಕಾರದ ಜಿಟಿಟಿಸಿ ಇದೆ, ಧಾರವಾಡದಲ್ಲಿ ಎನ್‌ಟಿಟಿಎಫ್ ಇದೆ. ಹೆಣ್ಣುಮಕ್ಕಳನ್ನೂ ಕಳಿಸಿ. ಎನ್‌ಕೋಡರಿನ ಸೂಕ್ಷ್ಮ ಕೆಲಸಕ್ಕೆ ಬೇಕಾದದ್ದು ತೋಳ್ಬಲವಲ್ಲ, ತಾಳ್ಮೆ.

ಕೊನೆಯದಾಗಿ, ನಾನು ಕಂತಿನಲ್ಲಿ ಕೊಂಡ ಆ ಮೋಟರನ್ನು ಇಂದು ಜೊತೆಗೆ ತಂದಿದ್ದೇನೆ. ಇದನ್ನು ಶಾಲೆಯ ಪ್ರಯೋಗಾಲಯಕ್ಕೆ ಕೊಡುತ್ತೇನೆ. ಮಕ್ಕಳೇ, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ, ಹಗುರಾಗಿ ತಿರುಗುತ್ತದೆ. ಆಮೇಲೆ ಅದರ ಮೂರು ಫೇಸ್ ತಂತಿಗಳನ್ನು ಒಂದಕ್ಕೊಂದು ಕೂಡಿಸಿ ತಿರುಗಿಸಿ, ಬಿಗಿಯಾಗುತ್ತದೆ. ಯಾಕೆ ಎಂದು ನಿಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿ. ಮುಂದಿನ ವರ್ಷ ಬಂದಾಗ ಉತ್ತರ ನೀವೇ ನನಗೆ ಹೇಳಬೇಕು.