ಅಗ್ಗದ ಹೊಲ ಕೊಳ್ಳುವ ಮುನ್ನ
(ನಾಸಿಕದಲ್ಲಿ ಸೇರಿದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇತ್ತೀಚೆಗೆ ನಮ್ಮ ಸಂಘದ ಕಚೇರಿಗೆ ಪಗಾರದ ತಕರಾರು ಹೇಳಲು ಬರುವವರಷ್ಟೇ ಜನ ಜಮೀನಿನ ಮಾತು ಕೇಳಲು ಬರುತ್ತಿದ್ದಾರೆ. ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ್ ಎಂಬ ತಾಲ್ಲೂಕು ಇದೆ. ಸೊಲ್ಲಾಪುರದಿಂದ ಧುಳೆಗೆ ಹೋಗುವ ಹೆದ್ದಾರಿಯಲ್ಲಿ, ಚಾಳಿಸಗಾಂವ ಘಾಟು ಇಳಿಯುವ ಮೊದಲು ಸಿಗುವ ಊರು ಅದು. ಮರಾಠಿಯಲ್ಲಿ ನಮ್ಮ ಭಾಷೆಯ ಹೆಸರನ್ನೂ ಆ ಊರಿನ ಹೆಸರನ್ನೂ ಒಂದೇ ಅಕ್ಷರಗಳಲ್ಲಿ ಬರೆಯುತ್ತಾರೆ. ದಲಾಲರು ಇದನ್ನೇ ಹಿಡಿದುಕೊಂಡು, "ಅಣ್ಣಾ, ನಿಮ್ಮ ಹೆಸರಿನ ಊರೇ ಇದೆಯಲ್ಲ, ಎರಡು ಎಕರೆ ಹಿಡಿದು ಹಾಕಿ. ಇವತ್ತು ಅಗ್ಗ, ನಾಳೆ ಸಿಗದು" ಎಂದು ಗಿರಾಕಿ ಹುಡುಕುತ್ತಾರೆ. ಸಮೃದ್ಧಿ ಮಹಾಮಾರ್ಗ 2025ರಲ್ಲಿ ಪೂರ್ತಿಯಾಗಿ ತೆರೆದ ಮೇಲಂತೂ ಅವರ ಬಾಯಿಗೆ ಬೀಗವೇ ಇಲ್ಲ.

ಭೂಮಿಯ ಆಸೆ ತಪ್ಪೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆದು, ಟೇಬಲು ಒರೆಸಿ, ಒಲೆಯ ಮುಂದೆ ಬೆಂದ ಮನುಷ್ಯನಿಗೆ ಐವತ್ತೈದು ದಾಟಿದ ಮೇಲೆ ಆಸರೆ ಏನು? ಹೆಚ್ಚಿನವರಿಗೆ ಪೆನ್ಶನ್ನಿಲ್ಲ, ಗ್ರಾಚ್ಯುಯಿಟಿ ಜಗಳವಾಡದೆ ಬರುವುದಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿಯಿತೆಂದು ಯಾರೂ ಸಾರಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರಿನಲ್ಲಿ ತುಂಡು ಹೊಲ ಇದ್ದವನು ಹೆಂಡತಿ ಮಕ್ಕಳನ್ನು ಅಲ್ಲಿಗೆ ಕಳಿಸಿ ಗಂಜಿ ಕುಡಿದ. ಇಲ್ಲದವನು ಚಾಳಿನ ಖೋಲಿ ಮಾರಿದ. ಆದುದರಿಂದ ಕೂಲಿಕಾರನಿಗೆ ಭೂಮಿ ಬೇಕು ಎಂಬ ಮಾತು ಸರಿಯೇ. ಯಾವ ಭೂಮಿ, ಯಾವ ಕಾಗದದ ಮೇಲೆ, ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲನೆಯದಾಗಿ ಕಾನೂನು. ಮಹಾರಾಷ್ಟ್ರದಲ್ಲಿ ಹಣವಿದ್ದವರೆಲ್ಲ ಹೊಲ ಕೊಳ್ಳುವಂತಿಲ್ಲ. ನಾಸಿಕ ಜಿಲ್ಲೆಗೆ 1948ರ ಗೇಣಿ ಕಾಯಿದೆ ಅನ್ವಯಿಸುತ್ತದೆ. ಅದರ 63ನೆಯ ಕಲಮಿನ ಪ್ರಕಾರ ಶೇತಕರಿ ಅಲ್ಲದವನಿಗೆ, ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ, ಕೃಷಿಭೂಮಿಯ ಮಾರಾಟ ಊರ್ಜಿತವಲ್ಲ. ಕನ್ನಡ್ ತಾಲ್ಲೂಕು ಹಿಂದೆ ನಿಜಾಮರ ಹೈದರಾಬಾದಿಗೆ ಸೇರಿತ್ತು. 1956ರ ನವೆಂಬರ್ 1ರಂದು ನಮ್ಮ ಬೀದರ, ಕಲಬುರ್ಗಿ, ರಾಯಚೂರು ಮೈಸೂರಿಗೆ ಬಂದ ದಿನವೇ ಮರಾಠವಾಡೆ ಮುಂಬಯಿ ರಾಜ್ಯಕ್ಕೆ ಸೇರಿತು. ಅಲ್ಲಿಗೆ 1950ರ ಹೈದರಾಬಾದ್ ಗೇಣಿ ಕಾಯಿದೆ. ಇದೇ ನಿರ್ಬಂಧ ಅದರ 47ನೆಯ ಕಲಮಿನಲ್ಲಿದೆ. ಊರಿಗೆ ನಮ್ಮ ಭಾಷೆಯ ಹೆಸರಿದ್ದ ಮಾತ್ರಕ್ಕೆ ನಮಗೆ ಹಕ್ಕು ಹುಟ್ಟುವುದಿಲ್ಲ.

"ನನ್ನ ಅಪ್ಪನ ಹೆಸರಿನಲ್ಲಿ ಊರಿನಲ್ಲಿ ಪಹಣಿ ಇದೆ, ನಾನು ಶೇತಕರಿಯೇ" ಎಂದು ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಆ ತೀರ್ಮಾನ ನಿಮ್ಮದೂ ಅಲ್ಲ, ದಲಾಲನದೂ ಅಲ್ಲ. ಊರಿನ ಪಹಣಿ ತೋರಿಸಿ, ಇಲ್ಲಿಯ ತಹಸೀಲು ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಂಡ ಮೇಲೆ ಮಾತ್ರ ಜೇಬಿಗೆ ಕೈ ಹಾಕಿ. 1948ರ ಕಾಯಿದೆಯ 84-ಸಿ ಕಲಮಿನಲ್ಲಿ, ಇಂಥ ಅಕ್ರಮ ಮಾರಾಟವನ್ನು ವಿಚಾರಣೆ ಮಾಡಿ, ಜಮೀನನ್ನು ಮೊದಲಿನಂತೆ ಮರಳಿಸದಿದ್ದರೆ ಸರಕಾರದ ವಶಕ್ಕೆ ತೆಗೆದುಕೊಳ್ಳುವ ಅಧಿಕಾರವಿದೆ. ಹಣವೂ ಹೋಗಿ, ಹೊಲವೂ ಹೋಗಿ, ಕೈಯಲ್ಲಿ ಉಳಿಯುವುದು ಕಾಗದ ಒಂದೇ.

ಎರಡನೆಯದು ಆ ಕಾಗದದ ಮಾತು. ನಮ್ಮವರು ತಂದು ತೋರಿಸುವುದು ಬಹುತೇಕ ಇಸಾರ ಪಾವತಿ, ಇಲ್ಲವೇ ಸಾಠೇಖತ್, ಇಲ್ಲವೇ ಮುಖತ್ಯಾರಪತ್ರ. ಸ್ಟಾಂಪಿನ ಮೇಲೆ ಟೈಪು ಮಾಡಿ, ನೋಟರಿಯ ಮೊಹರು ಒತ್ತಿದ್ದಾರೆಂದರೆ ಸರಕಾರಿ ಕಾಗದವೆಂದು ನಂಬುತ್ತಾರೆ. ಇಸಾರ ಪಾವತಿ ಎಂದರೆ ಮುಂಗಡ ಕೊಟ್ಟ ರಸೀದಿ. ಸಾಠೇಖತ್ ಎಂದರೆ ಮುಂದೆ ಮಾರುತ್ತೇನೆ ಎಂಬ ಕರಾರು. ಹೊಲ ನಿಮ್ಮದಾಗಬೇಕಾದರೆ ಸಬ್ ರಿಜಿಸ್ಟ್ರಾರರ ಮುಂದೆ ನೋಂದಾಯಿಸಿದ ಖರೇದಿಖತ್ ಆಗಬೇಕು. ಮುಖತ್ಯಾರಪತ್ರದ ಮೇಲೆ ನಡೆಸುವ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೂರನೆಯದು ಸಾತಬಾರಾ. ಊರಿನಲ್ಲಿ ನಮಗೆ ಪಹಣಿ ಹೇಗೋ ಇಲ್ಲಿ ಸಾತಬಾರಾ ಹಾಗೆ. ಗ್ರಾಮ ನಮೂನೆ 7 ಮತ್ತು 12 ಸೇರಿದ ಉತಾರೆ. ಇದನ್ನು ದಲಾಲನ ಕೈಯಿಂದ ತೆಗೆದುಕೊಳ್ಳಬೇಡಿ, ನೀವೇ ಹೊಸದಾಗಿ ತೆಗೆಸಿ. ಮಾರುವವನ ಹೆಸರೊಂದೇ ಇದೆಯೋ, ಅವನ ಅಣ್ಣತಮ್ಮಂದಿರು, ಅಕ್ಕತಂಗಿಯರ ಹೆಸರೂ ಇದೆಯೋ ನೋಡಿ. ಇದ್ದರೆ ಅಷ್ಟೂ ಜನರ ಸಹಿ ಬೇಕು. "ಭೋಗವಟಾದಾರ ವರ್ಗ 2" ಎಂದು ಬರೆದಿದ್ದರೆ, ಅದು ಷರತ್ತಿನ ಜಮೀನು. ಅನುಮತಿ ಇಲ್ಲದೆ ಮಾರುವಂತಿಲ್ಲ. "ಇತರ ಅಧಿಕಾರ" ಎಂಬ ಕಲಮಿನಲ್ಲಿ ಸೊಸಾಯಿಟಿಯ ಸಾಲ, ಬ್ಯಾಂಕಿನ ಬೋಜಾ, ಗೇಣಿದಾರನ ಹೆಸರು ಅಡಗಿ ಕೂತಿರುತ್ತದೆ. ಆಮೇಲೆ ಹಳೆಯ ಫೇರಫಾರುಗಳನ್ನು ಓದಿಸಿ. ವಕೀಲರಿಂದ 30 ವರ್ಷದ ಶೋಧ ಮಾಡಿಸಿ. ಸರಕಾರಿ ಮೋಜಣಿ ಮಾಡಿಸಿ ಗಡಿಕಲ್ಲು ಕಣ್ಣಾರೆ ನೋಡಿ. ಉತಾರೆಯಲ್ಲಿ ಲೆಕ್ಕ ಹೆಕ್ಟೇರು ಮತ್ತು ಆರ್‌ಗಳಲ್ಲಿರುತ್ತದೆ. ಸುಮಾರು 40 ಆರ್ ಅಂದರೆ ಒಂದು ಎಕರೆ ಎಂದು ನೆನಪಿಟ್ಟುಕೊಳ್ಳಿ. "ಹತ್ತು ಜನ ಸೇರಿ ಒಂದೊಂದು ಗುಂಠೆ ಹಂಚಿಕೊಳ್ಳಿ" ಎಂಬ ಮಾತಿಗೂ ಮರುಳಾಗಬೇಡಿ. ಹೊಲವನ್ನು ನಿಗದಿಯಾದ ಅಳತೆಗಿಂತ ಚಿಕ್ಕ ತುಂಡು ಮಾಡಿ ಮಾರುವುದನ್ನು ತಡೆಯಲು 1947ರಿಂದಲೇ ಕಾಯಿದೆ ಇದೆ.

ನಾಲ್ಕನೆಯದು, ಅಗ್ಗ ಯಾಕೆ ಎಂದು ಕೇಳಿಕೊಳ್ಳುವುದು. ಮಾರ್ಕೆಟ್ಟಿನಲ್ಲಿ ಟೊಮೇಟೋ ಅಗ್ಗವಾದರೆ ಬುಟ್ಟಿಯ ತಳ ನೋಡದೆ ನಾವು ಕೊಳ್ಳುತ್ತೇವೆಯೇ? ಹೊಲ ಅಗ್ಗವಾಗಿದ್ದರೆ ನೀರಿಲ್ಲ, ದಾರಿಯಿಲ್ಲ, ಇಲ್ಲವೇ ಕಾಗದ ಸರಿಯಿಲ್ಲ. ಕನ್ನಡ್ ಕಡೆ ಹತ್ತಿ, ಮೆಕ್ಕೆಜೋಳ, ಶುಂಠಿ ಬೆಳೆಯುತ್ತಾರೆ ಎಂಬುದು ನಿಜ. ಆದರೆ ಶುಂಠಿಗೆ ನೀರೂ ಬೇಕು, ಬಂಡವಾಳವೂ ಬೇಕು. ಮರಾಠವಾಡೆಯ ಮಳೆಯನ್ನು ನಂಬಿ ಅಲ್ಲಿ ಹುಟ್ಟಿ ಬೆಳೆದ ರೈತನೇ ಸೋತಿದ್ದಾನೆ. 1972ರ ಬರ ಮುದುಕರಿಗೆ ನೆನಪಿದೆ. 2016ರಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಹೋದದ್ದು ನಮಗೆಲ್ಲ ನೆನಪಿದೆ. ನೆಲದಡಿ ಕಪ್ಪು ಕಲ್ಲು; ಬೋರು ಕೊರೆಸಿದ ಕಡೆಯಲ್ಲೆಲ್ಲ ನೀರು ಬರುವುದಿಲ್ಲ. ಆದುದರಿಂದ ಹೊಲ ನೋಡಲು ಮಳೆಗಾಲದಲ್ಲಿ ಹೋಗಬೇಡಿ, ಏಪ್ರಿಲ್ ಮೇ ತಿಂಗಳಿನಲ್ಲಿ ಹೋಗಿ ಬಾವಿಯಲ್ಲಿ ಇಣುಕಿ. ಬಾವಿಯಲ್ಲಿ ಎಷ್ಟು ಜನರ ಪಾಲಿದೆ ಎಂಬುದನ್ನೂ ಪಕ್ಕದ ಹೊಲದವರ ಬಾಯಿಂದಲೇ ಕೇಳಿ.

ಇನ್ನೊಂದು ಮಾತು ಕಾನೂನಿನದೂ ಹೌದು, ನ್ಯಾಯದ್ದೂ ಹೌದು. ನಾಸಿಕ ಜಿಲ್ಲೆಯ ಸುರಗಾಣಾ, ಪೇಠ, ತ್ರ್ಯಂಬಕ ಕಡೆಗಳಲ್ಲಿ ಆದಿವಾಸಿಗಳ ಜಮೀನು ಬಹಳ. 1966ರ ಭೂಕಂದಾಯ ಸಂಹಿತೆಯ 36 ಮತ್ತು 36-ಎ ಕಲಮುಗಳ ಪ್ರಕಾರ ಅದು ಅನುಮತಿ ಇಲ್ಲದೆ ಬೇರೆಯವರ ಕೈ ಸೇರುವಂತಿಲ್ಲ. ಕರ್ನಾಟಕದಲ್ಲಿಯೂ ದಲಿತರಿಗೆ ಸರಕಾರ ಕೊಟ್ಟ ಜಮೀನಿಗೆ 1978ರ ಕಾಯಿದೆಯ ಕಾವಲಿದೆ. ನಾವು ಸಹ ಕೂಲಿಕಾರರು. ನಮಗಿಂತ ಬಡವನ ಕಷ್ಟಕಾಲ ನೋಡಿ ಅವನ ಹೊಲ ಬರೆಸಿಕೊಳ್ಳಲು ಹೊರಟರೆ, ಧಣಿಗಳ ಮೇಲೆ ದೂರು ಹೇಳುವ ಬಾಯಿ ನಮಗೆ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡೋಣ ಎಂದು ತಾವು ಕೇಳಬಹುದು. ಎಲ್ಲಕ್ಕಿಂತ ಅಗ್ಗದ ಭೂಮಿ ಯಾವುದೆಂದರೆ, ಈಗಾಗಲೇ ನಿಮ್ಮ ಹೆಸರು ಇರಬೇಕಾದ ಭೂಮಿ. ಅದನ್ನು ನಾವು ಮರೆತಿದ್ದೇವೆ. ಚಾಲಗೇಣಿಯ ಕಾಲದಲ್ಲಿ ಅಕ್ಕಿ ಮುಡಿ ಹೊತ್ತು ಹಾಕಿದ ನಮ್ಮ ಹಿರಿಯರಿಗೆ, ದೇವರಾಜ ಅರಸರ ಸರಕಾರ ತಿದ್ದಿದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ದಾರಿ ತೆರೆಯಿತು. ಮಗ ಹೊರನಾಡಿನ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದಾಗ, ಊರಿನಲ್ಲಿ ತಾಯಂದಿರು ಡಿಕ್ಲರೇಷನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು ಆ ಗದ್ದೆ ಉಳಿಸಿಕೊಂಡರು. ಇಂದು ಆ ಅಪ್ಪ ಅಮ್ಮ ತೀರಿಕೊಂಡು ಹತ್ತು ವರ್ಷವಾದರೂ ಪಹಣಿಯಲ್ಲಿ ಸತ್ತವರ ಹೆಸರೇ ಇರುವ ಮನೆಗಳು ಎಷ್ಟಿಲ್ಲ! ರಜೆಗೆ ಊರಿಗೆ ಹೋದಾಗ ಕೋಲ, ಮದುವೆ, ಜಾತ್ರೆ ಮುಗಿಸಿ ಬರುತ್ತೇವೆ. ನಾಡಕಚೇರಿಯ ಮೆಟ್ಟಿಲು ಹತ್ತುವುದಿಲ್ಲ.

ಈ ಸಲ ಹೋದಾಗ ಮರಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆಗೆ ಅರ್ಜಿ ಹಾಕಿ. ಅಕ್ಕತಂಗಿಯರ ಹೆಸರನ್ನೂ ಸೇರಿಸಿ. 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಇಲ್ಲಿ ಅಗ್ಗದ ಹೊಲ ಕೊಳ್ಳುವ ಆಸೆಯಿಂದ ಅಲ್ಲಿಯ ಪಾಲನ್ನು ಬಂದ ಬೆಲೆಗೆ ಬಿಟ್ಟುಕೊಡಬೇಡಿ. ಹಾಗೆ ಮಾಡಿದರೆ ಊರಿನ ನೆಲವೂ ಹೋಯಿತು, ಶೇತಕರಿ ಎಂದು ತೋರಿಸಲು ಇದ್ದ ಒಂದು ಕಾಗದವೂ ಹೋಯಿತು.

ಪಾಲೇ ಇಲ್ಲದವರು ಕೊಳ್ಳಲೇಬೇಕೆಂದಿದ್ದರೆ, ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ 79-ಎ, 79-ಬಿ ಕಲಮುಗಳು ರದ್ದಾಗಿವೆ. ರೈತನಲ್ಲದವನೂ ಅಲ್ಲಿ ಹೊಲ ಕೊಳ್ಳಬಹುದು. ನಮಗೆ ತೆರೆದ ಬಾಗಿಲು ದೊಡ್ಡ ಹಣವಂತರಿಗೂ ತೆರೆದಿದೆ ಎಂಬುದನ್ನು ಮರೆಯಬೇಡಿ. ಬೆಲೆಯ ಪೈಪೋಟಿಯಲ್ಲಿ ಅವರ ಮುಂದೆ ನಾವು ನಿಲ್ಲಲಾರೆವು. ಇರುವುದನ್ನು ಉಳಿಸಿಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ನಮ್ಮ ಸಂಘಕ್ಕೆ ಒಂದು ಸೂಚನೆ ಮಾಡುತ್ತೇನೆ. ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ, ವಾರಕ್ಕೊಂದು ದಿನ, ಮರಾಠಿ ಓದಬಲ್ಲ ಇಬ್ಬರು ಕಚೇರಿಯಲ್ಲಿ ಕೂರಲಿ. ಸದಸ್ಯರು ಯಾರೇ ಜಮೀನಿನ ಮಾತುಕತೆ ನಡೆಸಿದ್ದರೂ ಸಾತಬಾರಾ, ಫೇರಫಾರು ತಂದು ಓದಿಸಿಕೊಳ್ಳಲಿ. ಸಂಶಯ ಬಂದರೆ ಎಲ್ಲರೂ ಕೂಡಿ ಒಬ್ಬ ವಕೀಲರ ಬಳಿ ಹೋಗೋಣ. ಒಬ್ಬನೇ ಹೋದರೆ ದಲಾಲನಿಗೆ ಅವನು ಗಿರಾಕಿ. ಸಂಘ ಹೋದರೆ ಲೆಕ್ಕ ಕೇಳುವವರು ಬಂದರೆಂದು ಅವನಿಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಇಸಾರವೆಂದು ಒಂದು ರೂಪಾಯಿಯನ್ನೂ ಯಾರೂ ಕೊಡಬೇಡಿ ಎಂದು ಕೈಮುಗಿದು ಕೇಳಿಕೊಂಡು, ನನ್ನ ಮಾತನ್ನು ಮುಗಿಸುತ್ತೇನೆ.